ಸುಧಾರಿಸಿಕೊಂಡು ಹೋಗುವ ಡ್ರೈವರ್ ಯಾವುದು?

“ಒಳ್ಳೇ ಡ್ರೈವರ್ ಒಂದು ಬೇಕಿತ್ತಲ್ಲ ಮಾರಾಯ” ಎಂದು ತೀರ್ಥಹಳ್ಳಿಯಿಂದ ಭಾವ ಫೋನ್ ಮಾಡಿದಾಗ, ಪಿಕಪ್ ಓಡಿಸುವ ಹುಡುಗ ಮತ್ತೆ ಕೈಕೊಟ್ಟ ಅಂದುಕೊಂಡೆ. ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೇ ಅವನಿಗೆ ಊರಲ್ಲಿ ಏನಾದರೊಂದು ಕೆಲಸ ಬೀಳುತ್ತದೆ. ಆದರೆ ಭಾವ ಕೇಳುತ್ತಿದ್ದುದು ಗಾಲ್ಫ್ ಚೆಂಡು ಹೊಡೆಯುವ ಕೋಲು, ಅದಕ್ಕೂ ಹೆಸರು ಡ್ರೈವರ್. ಅಮೆರಿಕದಲ್ಲಿರುವ ಮಗ ದೊಡ್ಡಹಬ್ಬಕ್ಕೆ ಬರುವವನಿದ್ದಾನೆ. ಬರುವಾಗ ಒಂದು ತರುತ್ತೇನೆ, ಯಾವುದು ಬೇಕು ಹೇಳಿ ಎಂದು ಆರು ಮಾದರಿಗಳ ಪಟ್ಟಿ ವಾಟ್ಸಾಪ್ ಮಾಡಿದ್ದಾನೆ. ಪಟ್ಟಿಯ ತುಂಬ 9 ಡಿಗ್ರಿ, 10.5 ಡಿಗ್ರಿ, ‘ಸ್ಟಿಫ್’, ‘ರೆಗ್ಯುಲರ್’, ‘ಮ್ಯಾಕ್ಸ್’, ‘ಲೋ ಸ್ಪಿನ್’, ‘10ಕೆ’.

ಭಾವನಿಗೆ ಈ ಹುಚ್ಚು ಹಿಡಿದು ಎರಡು ವರ್ಷ. ತಿಂಗಳಿಗೆ ಎರಡು ಸಲ ಕೊಪ್ಪ, ಬಾಳೆಹೊನ್ನೂರು, ಆಲ್ದೂರು ಹಾದು ಚಿಕ್ಕಮಗಳೂರಿನ ಗಾಲ್ಫ್ ಮೈದಾನಕ್ಕೆ ಹೋಗುತ್ತಾರೆ. ನಾನು ಶಿವಮೊಗ್ಗದಿಂದ ಹೋಗಿ ಜೊತೆಯಾಗುತ್ತೇನೆ. ಅವರಿಗಿಂತ ನಾಲ್ಕು ವರ್ಷ ಮೊದಲೇ ಶುರು ಮಾಡಿದ್ದೇನೆಂಬ ಒಂದೇ ಕಾರಣಕ್ಕೆ ನಾನು ಪಂಡಿತ.

“ಇದರಲ್ಲಿ ನಾಕು ಫರ್ಗಿವಿಂಗ್ ಅಂತ ಬರ್ದಿದಾನೆ. ಯಾರನ್ನ ಕ್ಷಮಿಸ್ತದೆ ಅದು? ನನ್ನನ್ನೋ, ಚೆಂಡನ್ನೋ?”

“ಸುಧಾರಿಸ್ಕೊಂಡು ಹೋಗ್ತದೆ ಅಂತ ಅರ್ಥ ಭಾವ. ನೀವು ತಪ್ಪು ಹೊಡೆದ್ರೂ ತೀರಾ ಕೆಡೋಕೆ ಬಿಡೋದಿಲ್ಲ.”

“ಹಂಗಾರೆ ನಿನ್ನ ಅಕ್ಕನ ಹಾಗೆ.”

ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಮೊದಲಿನಿಂದ ಬಿಡಿಸಿ ಬರೆದಿದ್ದೇನೆ. ಎಲ್ಲವೂ ಬಲಗೈ ಆಟಗಾರನ ಲೆಕ್ಕ. ಎಡಗೈಯವರು ಎಡಬಲ ಅದಲುಬದಲು ಮಾಡಿಕೊಂಡು ಓದಬೇಕು.

ಮೊದಲು ಹ್ಯಾಂಡಿಕ್ಯಾಪ್ ಅಂದರೆ ಏನು

ಗಾಲ್ಫಿನಲ್ಲಿ ಕಡಿಮೆ ಹೊಡೆದವನು ಗೆದ್ದವನು. ಪೂರ್ತಿ ಆಟಕ್ಕೆ 18 ಕುಳಿಗಳು. ಪ್ರತಿ ಕುಳಿಗೂ ‘ಇಷ್ಟು ಹೊಡೆತದಲ್ಲಿ ಮುಗಿಸಬೇಕು’ ಎಂಬ ಅಳತೆ ಇರುತ್ತದೆ, ಅದಕ್ಕೆ ಪಾರ್ ಎನ್ನುತ್ತಾರೆ. ಬಹುತೇಕ ಮೈದಾನಗಳಲ್ಲಿ 18 ಕುಳಿಗಳ ಪಾರ್ ಸೇರಿಸಿದರೆ 72. ನೀವು 100 ಹೊಡೆತಕ್ಕೆ ಮುಗಿಸಿದರೆ 28 ಹೆಚ್ಚಾಯಿತು. ಈ ‘ಹೆಚ್ಚಾದದ್ದು’ ಇದೆಯಲ್ಲ, ಅದರಿಂದ ಹುಟ್ಟುವ ಅಂಕಿಯೇ ಹ್ಯಾಂಡಿಕ್ಯಾಪ್.

ಲೆಕ್ಕ ಇಷ್ಟು ನೇರವಲ್ಲ. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ ಬಂದಿದೆ. ಕೊನೆಯ 20 ಆಟಗಳಲ್ಲಿ ಚೆನ್ನಾಗಿ ಆಡಿದ 8 ಆಟಗಳನ್ನು ಆರಿಸಿ, ಮೈದಾನ ಎಷ್ಟು ಕಷ್ಟದ್ದು ಎಂಬುದನ್ನೂ ಸೇರಿಸಿ ಸರಾಸರಿ ತೆಗೆಯುತ್ತಾರೆ. 20 ಕಿರುಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಬಂದ ಎಂಟನ್ನು ಮಾತ್ರ ಮೇಷ್ಟ್ರು ಲೆಕ್ಕಕ್ಕೆ ಹಿಡಿದ ಹಾಗೆ. ಆದ್ದರಿಂದ 28 ಹ್ಯಾಂಡಿಕ್ಯಾಪಿನವನು ದಿನಾ 100 ಹೊಡೆಯುತ್ತಾನೆ ಎಂದಲ್ಲ. ಒಳ್ಳೆಯ ದಿನ ಅಷ್ಟಕ್ಕೆ ಮುಗಿಸುತ್ತಾನೆ, ಉಳಿದ ದಿನ 105, 110. ಗರಿಷ್ಠ ಮಿತಿ 54. ಮಾತಿನಲ್ಲಿ 20 ದಾಟಿದವರನ್ನೆಲ್ಲ ‘ಹೈ ಹ್ಯಾಂಡಿಕ್ಯಾಪ್’ ಎನ್ನುವುದು ವಾಡಿಕೆ. ಭಾವ 31, ನಾನು 24.

ಈ ಹೆಚ್ಚುವರಿ ಹೊಡೆತಗಳಲ್ಲಿ ಒಂದು ಪಾಲು ಹೋಗುವುದು ಮೊದಲ ಹೊಡೆತದಲ್ಲೇ. ಚೆಂಡು ಮೈದಾನದ ಗಡಿ ದಾಟಿದರೆ ಒಂದು ದಂಡದ ಹೊಡೆತ, ಮೇಲಿಂದ ಅದೇ ಜಾಗದಿಂದ ಮತ್ತೆ ಹೊಡೆಯಬೇಕು. ನಿಂತ ಜಾಗ ಬಿಟ್ಟು ಒಂದಡಿ ಕದಲಿಲ್ಲ, ಆಗಲೇ ಮೂರನೇ ಹೊಡೆತ! ಗಡಿಯಾಚೆ ಕಾಫಿ ತೋಟ ಇದ್ದರೆ ಚೆಂಡನ್ನೂ ಮರೆಯಬೇಕು. ಆದ್ದರಿಂದ ನಮ್ಮಂಥವರು ಡ್ರೈವರ್ ಆರಿಸುವಾಗ ‘ಚೆನ್ನಾಗಿ ಬಿದ್ದರೆ ಎಷ್ಟು ದೂರ ಹೋಗುತ್ತದೆ’ ಎಂದು ಕೇಳಿ ಪ್ರಯೋಜನವಿಲ್ಲ. ಹತ್ತರಲ್ಲಿ ಏಳು ಸಲ ಚೆನ್ನಾಗಿ ಬೀಳುವುದೇ ಇಲ್ಲ. ಆ ಏಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಬೇಕು.

ದೂರವೇ ಎಲ್ಲ ಅಲ್ಲ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. 2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ, ಗಾಲ್ಫಿನ ಗಂಧಗಾಳಿ ಇಲ್ಲದವರೂ ಟಿ.ವಿ. ಮುಂದೆ ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಡ್ರೈವರ್‌ನಿಂದ ದೂರ ಹೊಡೆಯುವವರ ಸಾಲಿನಲ್ಲಿ ಅವರು ಹಿಂದೆಯೇ ಇದ್ದರು.

ಈ ಡ್ರೈವರ್ ಎಂಬ ವಸ್ತು

ಚೀಲದಲ್ಲಿ 14 ಕೋಲುಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು, ತಲೆ ದೊಡ್ಡದು, ದೂರ ಹೊಡೆಯುವುದು ಡ್ರೈವರ್. ಟೀ ಎಂಬ ಪುಟ್ಟ ಮೊಳೆಯಂಥ ಕಡ್ಡಿಯನ್ನು ನೆಲಕ್ಕೆ ಚುಚ್ಚಿ, ಅದರ ಮೇಲೆ ಚೆಂಡಿಟ್ಟು ಹೊಡೆಯುವುದಕ್ಕೆ ಇದನ್ನು ಬಳಸುತ್ತಾರೆ.

ಹಿಂದೆ ಇದರ ತಲೆ ಮರದ್ದು. ಪರ್ಸಿಮನ್ ಎಂಬ ಗಟ್ಟಿ ಮರ. ನಮ್ಮ ಮುಷ್ಟಿಗಿಂತ ಹೆಚ್ಚು ದೊಡ್ಡದಿರಲಿಲ್ಲ. 1979ರಲ್ಲಿ ಟೇಲರ್‌ಮೇಡ್ ಉಕ್ಕಿನ ತಲೆ ತಂದಿತು, ಒಳಗೆ ಟೊಳ್ಳು. 1991ರಲ್ಲಿ ಕ್ಯಾಲವೇ ತಂದ ‘ಬಿಗ್ ಬರ್ತಾ’ ಆಗಿನ ಕಾಲಕ್ಕೆ ದೈತ್ಯ, ಅದರ ಗಾತ್ರ 190 ಸಿಸಿ. ಆಮೇಲೆ ಟೈಟಾನಿಯಂ ಬಂತು. ಹಗುರ, ಗಟ್ಟಿ, ತೆಳ್ಳಗೆ ಬಡಿಯಬಹುದಾದ ಲೋಹ. ತಲೆ ಊದುತ್ತಾ ಹೋಯಿತು. ಕೊನೆಗೆ ನಿಯಮ ಮಾಡುವವರು 460 ಸಿಸಿಗೆ ಗೆರೆ ಎಳೆದರು. ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದು ನೋಡಿ, ಅದಕ್ಕಿಂತ ಒಂದು ಗುಟುಕು ಕಡಿಮೆ. ಆದರೆ ತೂಕ 200 ಗ್ರಾಂ ಆಸುಪಾಸು ಅಷ್ಟೇ.

ಹೊಸ ಆಟಗಾರನಿಗೆ ಮೊದಲ ಮಾತು ಇಲ್ಲೇ ಮುಗಿಯುತ್ತದೆ: 460 ಸಿಸಿ ತೆಗೆದುಕೊಳ್ಳಿ. ಸಣ್ಣ ತಲೆಯ ಡ್ರೈವರ್ ನೋಡಲು ಚೆಂದ, ಅದು ಪಳಗಿದ ಕೈಗೆ.

ಚೆಂಡು ಬಲಕ್ಕೇ ಯಾಕೆ ಓಡುತ್ತದೆ

ಹೊಸಬರ ಕಾಯಿಲೆಗೆ ಒಂದೇ ಹೆಸರು, ಸ್ಲೈಸ್. ಚೆಂಡು ನೇರಕ್ಕೆ ಅಥವಾ ಸ್ವಲ್ಪ ಎಡಕ್ಕೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ ಬಲಕ್ಕೆ ಬಾಗಿ, ಬಾಗಿ, ತೋಟ ಸೇರುತ್ತದೆ.

ಚೆಂಡಿಗೂ ಕೋಲಿಗೂ ಒಡನಾಟ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಎರಡು ಸಂಗತಿ ತೀರ್ಮಾನವಾಗುತ್ತವೆ. ಕೋಲಿನ ಮುಖ, ಅಂದರೆ ತಲೆಯಲ್ಲಿ ಚೆಂಡಿಗೆ ತಾಗುವ ಬದಿ, ಯಾವ ಕಡೆ ನೋಡುತ್ತಿತ್ತು ಎಂಬುದು ಒಂದು. ಕೋಲು ಯಾವ ದಾರಿಯಲ್ಲಿ ಸಾಗುತ್ತಿತ್ತು ಎಂಬುದು ಇನ್ನೊಂದು. ಚೆಂಡು ಹೊರಡುವುದು ಹೆಚ್ಚುಕಡಿಮೆ ಮುಖ ನೋಡುವ ಕಡೆಗೆ. ಆಮೇಲೆ ಬಾಗುವುದು ದಾರಿಗೂ ಮುಖಕ್ಕೂ ಇರುವ ವ್ಯತ್ಯಾಸದಿಂದ. ಬೇಲಿಯ ಪೊದೆ ಸವರುವಾಗ ಕತ್ತಿಯನ್ನು ಹೊರಗಿನಿಂದ ಒಳಕ್ಕೆ ಎಳೆಯುತ್ತೇವಲ್ಲ, ಹೊಸಬರು ಕೋಲನ್ನೂ ಹಾಗೇ ಬೀಸುತ್ತಾರೆ. ದಾರಿ ಎಡಕ್ಕೆ, ಮುಖ ಮಾತ್ರ ಆ ದಾರಿಗಿಂತ ಬಲಕ್ಕೆ ತೆರೆದಿರುತ್ತದೆ. ಚೆಂಡಿಗೆ ಓರೆ ಸುತ್ತು ಬೀಳುತ್ತದೆ. ಸುತ್ತುವ ಚೆಂಡನ್ನು ಗಾಳಿ ಒಂದು ಬದಿಗೆ ತಳ್ಳುತ್ತದೆ. ಫುಟ್‌ಬಾಲಿನಲ್ಲಿ ಫ್ರೀ ಕಿಕ್ ಗೋಡೆ ಸುತ್ತಿ ಬಾಗುವುದೂ ಇದೇ ಕಾರಣಕ್ಕೆ.

ಮೊದಲ ದಿಕ್ಕು ತಪ್ಪುವುದೂ ಸಣ್ಣದಲ್ಲ. 180 ಮೀಟರ್ ಹಾರುವ ಚೆಂಡು ಬರೀ 5 ಡಿಗ್ರಿ ತಪ್ಪಿ ಹೊರಟರೆ, ಬೀಳುವಾಗ ಗೆರೆಯಿಂದ 15 ಮೀಟರಿಗೂ ಆಚೆ ಇರುತ್ತದೆ. ಅದರ ಮೇಲೆ ಬಾಗಿದ್ದು ಬೇರೆ.

ಹಾಗಾದರೆ ತಪ್ಪು ಎರಡು ಬಗೆಯದು. ಚೆಂಡು ಮುಖದ ನಡುವಿಗೆ ಬೀಳದೆ ಅಂಚಿಗೆ ಬಿದ್ದದ್ದು ಒಂದು. ಮುಖವೇ ಬೇರೆ ಕಡೆ ನೋಡುತ್ತಿದ್ದದ್ದು ಇನ್ನೊಂದು. ‘ಫರ್ಗಿವಿಂಗ್’ ಎಂಬ ಪದ ನಿಜವಾಗಿ ಮೊದಲನೆಯ ತಪ್ಪಿಗೆ ಮಾತ್ರ ಸಂಬಂಧಿಸಿದ್ದು. ಜಾಹೀರಾತು ಇದನ್ನು ಬಿಡಿಸಿ ಹೇಳುವುದಿಲ್ಲ, ಕೊಂಡವರು ಎರಡೂ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ.

ಕಾವಡಿ, ಗಾಣ ಮತ್ತು ‘10ಕೆ’

ಕ್ರಿಕೆಟ್ ಆಡಿದವರಿಗೆ ಗೊತ್ತು. ಬ್ಯಾಟಿನ ನಡುವಿಗೆ ಬಿದ್ದರೆ ಕೈಗೆ ಏನೂ ತಿಳಿಯುವುದಿಲ್ಲ. ಅಂಚಿಗೆ ಬಿದ್ದರೆ ಬ್ಯಾಟ್ ಕೈಯಲ್ಲೇ ತಿರುಚಿಕೊಳ್ಳುತ್ತದೆ, ಚೆಂಡಿಗೆ ಹೋಗಬೇಕಾದ ಬಲ ತಿರುಚುವುದರಲ್ಲಿ ಕರಗುತ್ತದೆ. ಡ್ರೈವರ್ ತಲೆಯೂ ಹಾಗೆಯೇ ತಿರುಚುತ್ತದೆ. ಎಷ್ಟು ಕಡಿಮೆ ತಿರುಚುತ್ತದೋ ಅಷ್ಟು ಸುಧಾರಿಸಿಕೊಳ್ಳುತ್ತದೆ.

ತೂಕ ಅದೇ ಇಟ್ಟು ತಿರುಚುವುದನ್ನು ಮಾತ್ರ ಕಡಿಮೆ ಮಾಡುವುದು ಹೇಗೆ? ಸೊಂಟದ ಮೇಲೆ ಕೊಡ ಇಟ್ಟುಕೊಂಡವರು ಗಕ್ಕನೆ ತಿರುಗಬಲ್ಲರು. ಅದೇ ನೀರನ್ನು ಕಾವಡಿಯ ಎರಡು ತುದಿಗೆ ಕಟ್ಟಿ ಹೆಗಲಿಗೇರಿಸಿದವರನ್ನು ಕೂಗಿ ಕರೆದು ನೋಡಿ, ತಲೆ ತಿರುಗಿಸುತ್ತಾರೆ, ಮೈ ತಿರುಗಿಸುವುದಿಲ್ಲ. ತೂಕ ನಡುವಿನಿಂದ ದೂರ ಹೋದಷ್ಟೂ ತಿರುಗಿಸುವುದು ಕಷ್ಟ. ಈ ‘ತಿರುಗಲು ಒಲ್ಲೆ’ ಎನ್ನುವ ಗುಣಕ್ಕೆ ಭೌತಶಾಸ್ತ್ರದಲ್ಲಿ ‘ಮೊಮೆಂಟ್ ಆಫ್ ಇನರ್ಷಿಯಾ’ ಎಂದು ಹೆಸರು. ಅಂಗಡಿಯಲ್ಲಿ ಎಂಒಐ ಎನ್ನುತ್ತಾರೆ. ತಲೆಯನ್ನು ದೊಡ್ಡದು ಮಾಡಿ, ಮೇಲ್ಭಾಗಕ್ಕೆ ಹಗುರವಾದ ಕಾರ್ಬನ್ ಹಾಕಿ, ಉಳಿಸಿದ ಗ್ರಾಂಗಳನ್ನು ಹಿಂಬದಿಯ ತುದಿಗೆ ತಳ್ಳುವುದು ಈ ಕಾವಡಿ ಲೆಕ್ಕಕ್ಕೇ.

ಇದಕ್ಕೂ ನಿಯಮದ ಮಿತಿ ಇದೆ: 5900 ಗ್ರಾಂ-ಚದರ ಸೆಂಟಿಮೀಟರ್, ಅಳತೆಯ ಹೆಚ್ಚುಕಡಿಮೆಗೆಂದು ಮೇಲೆ 100. ಹಾಗಿದ್ದರೆ ‘10ಕೆ’, ಅಂದರೆ ಹತ್ತು ಸಾವಿರ, ಎಲ್ಲಿಂದ ಬಂತು? ಡ್ರೈವರ್‌ನ ತಲೆಯು ಬಾಗಿಲಿನ ಹಾಗೆ ಎಡಬಲ ತಿರುಚುವುದಕ್ಕೆ ಒಂದು ಅಂಕಿ, ಮೇಲೆ ಕೆಳಗೆ ಓಲುವುದಕ್ಕೆ ಇನ್ನೊಂದು ಅಂಕಿ. ಮಿತಿ ಇರುವುದು ಮೊದಲನೆಯದಕ್ಕೆ. 2024ರ ಸುಮಾರಿಗೆ ಕಂಪನಿಗಳು ಎರಡನ್ನೂ ಕೂಡಿಸಿ ಹತ್ತು ಸಾವಿರ ದಾಟಿತೆಂದು ಹೆಸರಿಟ್ಟವು. ಸುಳ್ಳಲ್ಲ. ಆದರೆ ಒಂಬತ್ತು ಸಾವಿರದ ತಲೆ ಇದ್ದವರು ಹಳೆಯದನ್ನು ಬಾವಿಗೆ ಎಸೆಯಬೇಕಾದಷ್ಟು ದೊಡ್ಡ ಸಂಗತಿಯೂ ಅಲ್ಲ.

ಅಂಚಿನ ಹೊಡೆತದಲ್ಲಿ ಇನ್ನೊಂದು ಚೋದ್ಯವಿದೆ. ಆಲೆಮನೆಯಲ್ಲಿ ಗಾಣದ ಉರುಳೆಗಳನ್ನು ನೋಡಿರುತ್ತೀರಿ. ಒಂದು ಈ ಕಡೆ ತಿರುಗಿದರೆ ಪಕ್ಕದ್ದು ಆ ಕಡೆ. ಚೆಂಡು ಮುಖದ ಹೊರ ತುದಿಗೆ, ಅಂದರೆ ಆಟಗಾರನಿಂದ ದೂರದ ‘ಟೋ’ ಬದಿಗೆ ಬಿದ್ದರೆ, ತಲೆ ಬಲಕ್ಕೆ ತಿರುಚುತ್ತದೆ. ಅದಕ್ಕೆ ಒತ್ತಿಕೊಂಡ ಚೆಂಡು ಉಲ್ಟಾ ಸುತ್ತಿ ಎಡಕ್ಕೆ ಬಾಗುತ್ತದೆ. ಕೋಲು ತಲೆಗೆ ಸೇರುವ ‘ಹೀಲ್’ ಬದಿಗೆ ಬಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ, ಮೊದಲೇ ಸ್ಲೈಸ್ ಇದ್ದವರಿಗೆ ಗಾಯದ ಮೇಲೆ ಬರೆ. ಡ್ರೈವರ್ ಮುಖ ಚಪ್ಪಟೆ ಇರದೆ ನವಿರಾಗಿ ಉಬ್ಬಿರುವುದು ಈ ಬಾಗನ್ನು ಸರಿದೂಗಿಸಲಿಕ್ಕೆ. ಮುಖದ ಕೆಳಗೆ ಬಿದ್ದರೆ ಚೆಂಡು ತಗ್ಗಾಗಿ ಹೊರಟು ಹಿಂದಕ್ಕೆ ಜೋರಾಗಿ ಸುತ್ತುತ್ತದೆ, ದೂರ ಸಾಯುತ್ತದೆ. ನಡುವಿಗಿಂತ ಸ್ವಲ್ಪ ಮೇಲೆ ಬಿದ್ದರೆ ಒಳ್ಳೆಯದೇ. ಅದಕ್ಕೇ ಟೀಯನ್ನು ಎತ್ತರಕ್ಕೆ ಇಡಬೇಕು, ತಲೆಯ ನೆತ್ತಿಗಿಂತ ಅರ್ಧ ಚೆಂಡು ಮೇಲೆ ಕಾಣುವಷ್ಟು.

ಮುಖವೇ ತೆರೆದಿದ್ದರೆ? ಅದನ್ನು ಎಂಒಐ ಮುಟ್ಟುವುದಿಲ್ಲ. ನಟ್ಟನಡುವಿಗೆ ಬಿದ್ದ ಚೆಂಡೂ ತೋಟಕ್ಕೇ ಹೋಗುತ್ತದೆ, ಸ್ವಲ್ಪ ಹೆಚ್ಚು ಬಿರುಸಾಗಿ ಹೋಗುತ್ತದೆ. ಇದಕ್ಕೆಂದೇ ಇನ್ನೊಂದು ಜಾತಿಯ ಡ್ರೈವರ್ ಇದೆ. ತೂಕವನ್ನು ಹೀಲ್ ಬದಿಗೆ ಸರಿಸಿ, ಮುಖ ಬೇಗ ಮುಚ್ಚಿಕೊಳ್ಳುವ ಹಾಗೆ ಮಾಡಿರುತ್ತಾರೆ. ಹೆಸರಿನ ಕೊನೆಗೆ ‘ಡ್ರಾ’, ‘ಡಿ’ ಅಥವಾ ‘ಎಸ್‌ಎಫ್‌ಟಿ’ ಎಂದಿದ್ದರೆ ಆ ಜಾತಿಯದು. ದೊಡ್ಡ ಸ್ಲೈಸನ್ನು ಇದು ನೇರ ಮಾಡುವುದಿಲ್ಲ, ಸಣ್ಣದು ಮಾಡುತ್ತದೆ. ತೋಟಕ್ಕೆ ಹೋಗುವ ಚೆಂಡು ಎತ್ತರದ ಹುಲ್ಲಿಗೆ ಬಂದರೂ ಒಂದು ದಂಡ ಉಳಿಯಿತು.

ಲಾಫ್ಟ್: ಡಿಗ್ರಿ ಹೆಚ್ಚಿದ್ದಷ್ಟು ವಾಸಿ

ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬುದೇ ಲಾಫ್ಟ್. ಡ್ರೈವರ್‌ಗಳಲ್ಲಿ ಸಾಮಾನ್ಯವಾಗಿ 8ರಿಂದ 12 ಡಿಗ್ರಿವರೆಗೆ ಸಿಗುತ್ತದೆ. ನಾನು ಮುಗ್ಗರಿಸಿದ್ದು ಇಲ್ಲಿಯೇ. ನನ್ನ ಮೊದಲ ಡ್ರೈವರ್ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್, 9 ಡಿಗ್ರಿ, ಸ್ಟಿಫ್, ಅಂದರೆ ಕೋಲು ಬಳುಕುವುದು ಕಡಿಮೆ. “ಪ್ರೊಗಳು ಆಡೋದು ಸಾರ್ ಇದು” ಎಂದ ಅಂಗಡಿಯವನು. ಪ್ರೊಗಳು ಆಡುವುದು ನಿಜ, ಕೊಂಡವನು ಪ್ರೊ ಅಲ್ಲ ಎಂಬುದನ್ನು ಅವನೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಮೊದಲ ದಿನ ಎಂಟು ಚೆಂಡು ಸಿಲ್ವರ್ ಓಕ್ ಮರಗಳ ನಡುವೆ ಮಾಯ. ಎಂಟೂ ಒಂದೇ ಥರ, ಮೊಣಕಾಲೆತ್ತರದಲ್ಲಿ ಹೊರಟು ಬಲಕ್ಕೆ.

ತೋಟಕ್ಕೆ ಪೈಪಿನಲ್ಲಿ ನೀರು ಹೊಡೆಯುವಾಗ ಪಂಪಿನ ಒತ್ತಡ ಕಡಿಮೆಯಿದ್ದರೆ ಏನು ಮಾಡುತ್ತೀರಿ? ಪೈಪಿನ ಬಾಯಿ ಮೇಲಕ್ಕೆತ್ತುತ್ತೀರಿ. ನೆಲಕ್ಕೆ ಸಮ ಹಿಡಿದರೆ ನೀರು ಕಾಲಬುಡದಲ್ಲೇ ಬೀಳುತ್ತದೆ. ನಿಧಾನ ಬೀಸುವ ಕೈಗೆ ಹೆಚ್ಚು ಲಾಫ್ಟ್ ಬೇಕು ಎನ್ನುವುದೂ ಇಷ್ಟೇ. ವೃತ್ತಿಪರ ಗಂಡಸರು ಗಂಟೆಗೆ 180 ಕಿ.ಮೀ. ಮೀರಿದ ವೇಗದಲ್ಲಿ ತಲೆ ಬೀಸುತ್ತಾರೆ. ಅವರಿಗೆ 9 ಡಿಗ್ರಿ ಸಾಕು. ನಮ್ಮದು 130, 140. ನಮಗೆ 10.5ಕ್ಕಿಂತ ಕೆಳಗೆ ಇಳಿಯುವ ಅಗತ್ಯವೇ ಇಲ್ಲ, 12 ಸಿಕ್ಕರೆ ಇನ್ನೂ ವಾಸಿ.

ಲಾಫ್ಟ್ ಇನ್ನೊಂದು ಉಪಕಾರ ಮಾಡುತ್ತದೆ. ಹೊಸಬರು ಯಾರನ್ನೇ ಕೇಳಿ, “ಏಳನೇ ನಂಬರ್ ಐರನ್ ನೇರ ಹೋಗ್ತದೆ, ಡ್ರೈವರ್ ಮಾತ್ರ ಬಾಗ್ತದೆ” ಎನ್ನುತ್ತಾರೆ. ಬೀಸುವ ಕೈ ಅದೇ, ತಪ್ಪೂ ಅದೇ. ಐರನ್ ಅಂದರೆ ಚಪ್ಪಟೆ ಲೋಹದ ತಲೆಯ, ಡ್ರೈವರ್‌ಗಿಂತ ಗಿಡ್ಡ ಕೋಲು. ಅದರ ಮುಖ ತುಂಬ ವಾಲಿರುವುದರಿಂದ ಚೆಂಡು ಹಿಂದಕ್ಕೆ ಜೋರಾಗಿ ಸುತ್ತುತ್ತದೆ. ಆ ಹಿಂದಿನ ಸುತ್ತಿನ ಮುಂದೆ ಓರೆ ಸುತ್ತು ಗೌಣ. ಡ್ರೈವರ್‌ನಲ್ಲಿ ಹಿಂದಿನ ಸುತ್ತು ಕಡಿಮೆ, ಹಾಗಾಗಿ ಓರೆಯದೇ ದರ್ಬಾರು. ಒಂದೆರಡು ಡಿಗ್ರಿ ಲಾಫ್ಟ್ ಏರಿಸಿದರೆ ತಕ್ಕಡಿ ಸ್ವಲ್ಪ ಈ ಕಡೆ ವಾಲುತ್ತದೆ.

ಮಲೆನಾಡಿನವರಿಗೆ ಮಳೆಯ ಕಾರಣವೂ ಇದೆ. ಒಣ ಊರಿನ ಗಟ್ಟಿ ನೆಲದಲ್ಲಿ ತಗ್ಗು ಹೊಡೆತ ಬಿದ್ದ ಮೇಲೂ ಉರುಳಿ 20–30 ಮೀಟರ್ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ, ಗಾಳಿಯಲ್ಲಿ ಹಾರಿದ್ದಷ್ಟೇ ಲಾಭ. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1000 ಮೀಟರ್ ಮೇಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಎತ್ತರಕ್ಕೆ ಹಾರಿಸಿದವರಿಗೆ ನಾಲ್ಕು ಹೆಜ್ಜೆ ಜಾಸ್ತಿಯೇ ಸಿಗುತ್ತದೆ. ಮುಖ ಒದ್ದೆಯಾದರೆ ಮಾತ್ರ ಯಾವ ಲಾಫ್ಟೂ ಹೇಳಿದ ಹಾಗೆ ಕೇಳುವುದಿಲ್ಲ, ಸೊಂಟಕ್ಕೊಂದು ಒಣ ಟವೆಲ್ ಇರಲಿ.

ದೋಟಿ ಹಿಡಿದವರಿಗೆ ಉದ್ದದ ಪಾಠ ಬೇಡ

ಈಗ ಅಡಿಕೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಡ್ರೈವರ್‌ನ ಕೋಲು ಅಂದರೆ ಶಾಫ್ಟ್ ಕೂಡ ಅದೇ ಬಗೆಯ ವಸ್ತು. ಇಲ್ಲಿ ಅದನ್ನು ಗ್ರಾಫೈಟ್ ಎನ್ನುತ್ತಾರೆ. ದೋಟಿಯನ್ನು ಇಪ್ಪತ್ತಡಿಗೆ ಹಿಡಿದಾಗ ಕುಡುಗೋಲು ಹೇಳಿದ ಗೊನೆಗೆ ತಾಗುತ್ತದೆ. ಅರವತ್ತಡಿ ಬಿಚ್ಚಿ ನಿಂತಾಗ ತುದಿ ಎಲ್ಲಿ ತೂಗಾಡುತ್ತಿದೆ ಎಂದು ಕೈಗೆ ತಿಳಿಯುವುದಿಲ್ಲ. ಕೈಯಲ್ಲಿ ಒಂದಿಂಚು ತಪ್ಪಿದರೆ ಮೇಲೆ ಒಂದು ಮೊಳ.

ನಿಯಮ 48 ಇಂಚಿನವರೆಗೆ ಬಿಡುತ್ತದೆ. ಅಂಗಡಿಯಲ್ಲಿ ಸಿಗುವವು 45.5ರ ಆಸುಪಾಸು, ಕೆಲವು 46. ಉದ್ದ ಹೆಚ್ಚಾದರೆ ತಲೆ ವೇಗವಾಗಿ ಬರುತ್ತದೆ, ಲೆಕ್ಕದಲ್ಲಿ ದೂರವೂ ಹೆಚ್ಚು. ಆದರೆ ಚೆಂಡು ನಡುವಿಗೆ ಬೀಳುವುದು ಕಡಿಮೆಯಾಗುತ್ತದೆ. ಟಿ.ವಿ.ಯಲ್ಲಿ ಕಾಣುವ ಎಷ್ಟೋ ವೃತ್ತಿಪರರ ಡ್ರೈವರ್ ಅಂಗಡಿಯ ಡ್ರೈವರ್‌ಗಿಂತ ಗಿಡ್ಡ. ದಿನಾ ಅದೇ ಕೆಲಸ ಮಾಡುವವರೇ ಗಿಡ್ಡದ್ದು ಹಿಡಿಯುವಾಗ ತಿಂಗಳಿಗೆರಡು ಸಲ ಆಡುವವರಿಗೆ 46 ಇಂಚು ಯಾಕೆ? ಕತ್ತರಿಸುವ ಮೊದಲು ಖರ್ಚಿಲ್ಲದ ಉಪಾಯ ಮಾಡಿ ನೋಡಬೇಕು: ಹಿಡಿಯನ್ನು ಒಂದಿಂಚು ಕೆಳಗೆ ಹಿಡಿಯುವುದು. ಕತ್ತರಿಸಿದರೆ ಶಾಫ್ಟ್ ಸ್ವಲ್ಪ ಬಿರುಸಾಗುತ್ತದೆ, ತಲೆಯ ಭಾರ ಕೈಗೆ ಕಡಿಮೆ ತಿಳಿಯುತ್ತದೆ. ಹಾಗಾಗಿ ಅದು ಕೊನೆಯ ಮಾತು.

ಶಾಫ್ಟ್ ಎಷ್ಟು ಬಳುಕುತ್ತದೆ ಎಂಬುದಕ್ಕೆ ಅಕ್ಷರಗಳಿವೆ. ಎಲ್ ಹೆಂಗಸರಿಗೆ, ಎ ಹಿರಿಯರಿಗೆ, ಆರ್ ಸಾಮಾನ್ಯ, ಎಸ್ ಅಂದರೆ ಸ್ಟಿಫ್, ಬಿರುಸು, ಎಕ್ಸ್ ಇನ್ನೂ ಬಿರುಸು. ‘ಹೆಂಗಸರಿಗೆ’, ‘ಹಿರಿಯರಿಗೆ’ ಎನ್ನುವುದು ಬರೀ ರೂಢಿಯ ಹೆಸರು, ಮುಖ್ಯವಾಗುವುದು ವೇಗ. ಒಂದು ಕಂಪನಿಯ ಆರ್ ಇನ್ನೊಂದು ಕಂಪನಿಯ ಎಸ್‌ನಷ್ಟು ಬಿರುಸಿರಬಹುದು, ಎಲ್ಲರಿಗೂ ಒಂದೇ ಮಾಪನ ಇಲ್ಲ. ಅಂದಾಜಿಗೆ, ನಿಮ್ಮ ಒಳ್ಳೆಯ ಡ್ರೈವ್ ಗಾಳಿಯಲ್ಲಿ 165ರಿಂದ 195 ಮೀಟರ್ ಹಾರುತ್ತಿದ್ದರೆ ಆರ್ ಸಾಕು. ಅದಕ್ಕಿಂತ ಕಡಿಮೆಯಿದ್ದರೆ ಎ ನೋಡಬಹುದು, ನಾಚಿಕೆ ಪಡುವಂಥದ್ದೇನೂ ಇಲ್ಲ. ಬಿರುಸು ಹೆಚ್ಚಾದರೆ ನಿಧಾನದ ಕೈಗೆ ಮುಖ ಮುಚ್ಚಲು ಸಮಯ ಸಾಲದೆ ಚೆಂಡು ತಗ್ಗಾಗಿ ಬಲಕ್ಕೆ ಹೋಗುತ್ತದೆ. ಆ ಎಂಟು ಚೆಂಡುಗಳ ಕತೆ ಅದೇ.

ಯಾವುದಕ್ಕೆ ದುಡ್ಡು ಕೊಡಬೇಕಿಲ್ಲ

ಮೊದಲನೆಯದು ‘ಲೋ ಸ್ಪಿನ್’ ಅಥವಾ ‘ಎಲ್‌ಎಸ್’ ಎಂದು ಬರೆದದ್ದು. ಅದರಲ್ಲಿ ತೂಕ ಮುಂದಕ್ಕೆ ಬಂದಿರುತ್ತದೆ, ಕಾವಡಿ ಗುಣ ಕಡಿಮೆ. ಜೋರಾಗಿ ಬೀಸುವವರ ಚೆಂಡು ಅತಿಯಾಗಿ ಸುತ್ತಿ ಮೇಲೇರದಿರಲಿ ಎಂದು ಮಾಡಿದ್ದು. ನಮಗೆ ಅದು ಉಲ್ಟಾ ಔಷಧಿ.

ಜಾರುವ ತೂಕ, ಬಿಚ್ಚಿ ಹಾಕುವ ಸ್ಕ್ರೂ ಇವೆಲ್ಲ ತಮ್ಮ ಬೀಸು ತಮಗೆ ತಿಳಿದವರಿಗೆ. ಹೊಸಬರ ಬೀಸು ದಿನಕ್ಕೊಂದು ಥರ ಇರುವಾಗ ಸ್ಕ್ರೂ ತಿರುಗಿಸಿ ಫಲ ನೋಡುವುದು, ಅಲುಗುವ ಮೇಜಿನ ಮೇಲೆ ಚಿನ್ನ ತೂಗಿದ ಹಾಗೆ. ಕುತ್ತಿಗೆಯಲ್ಲಿ ಲಾಫ್ಟ್ ಬದಲಿಸುವ ತೋಳು ಇದ್ದರೆ ಇರಲಿ, ಒಂದು ಕಡೆ ಇಟ್ಟು ಮರೆತುಬಿಡಿ. ಅದರಲ್ಲಿ ಲಾಫ್ಟ್ ಏರಿಸಿದರೆ ಸಾಮಾನ್ಯವಾಗಿ ಮುಖವೂ ತುಸು ಮುಚ್ಚಿಕೊಳ್ಳುತ್ತದೆ, ಸ್ಲೈಸ್ ಇದ್ದವರಿಗೆ ಅದೂ ಅನುಕೂಲವೇ.

ಹೊಸ ಮಾದರಿಯ ಮೋಹವನ್ನೂ ಬಿಡಬಹುದು. ತಲೆಯ ಗಾತ್ರಕ್ಕೆ, ತಿರುಚುವುದಕ್ಕೆ, ಮುಖ ಎಷ್ಟು ಪುಟಿಯಬಹುದು ಎಂಬುದಕ್ಕೆ, ಮೂರಕ್ಕೂ ನಿಯಮದ ಗೋಡೆ ಇದೆ. ಕಂಪನಿಗಳು ಆ ಗೋಡೆಯ ಹತ್ತಿರ ತಲುಪಿ ವರ್ಷಗಳಾದವು. ಐದಾರು ವರ್ಷ ಹಳೆಯ, ‘ಮ್ಯಾಕ್ಸ್’ ಜಾತಿಯ, ಅಂದರೆ ಕಡಿಮೆ ತಿರುಚುವ ಡ್ರೈವರ್ ಅರ್ಧಕ್ಕಿಂತ ಕಡಿಮೆಗೆ ಸಿಕ್ಕರೆ ನಾನಾದರೆ ಅದನ್ನೇ ಕೊಳ್ಳುತ್ತೇನೆ. ಹಳೆಯದನ್ನು ಕೊಳ್ಳುವಾಗ ಮುಖದ ಮೇಲೆ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಕಿವಿಯ ಹತ್ತಿರ ಅಲ್ಲಾಡಿಸಬೇಕು, ಒಳಗೆ ಏನಾದರೂ ಗಲಗಲ ಎಂದರೆ ಬೇಡ. ನಕಲಿ ಮಾಲೂ ಓಡಾಡುತ್ತದೆ. ಹೊಚ್ಚ ಹೊಸ ಮಾದರಿ ತೀರಾ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಅನುಮಾನ ಪಡಬೇಕು, ಕುತ್ತಿಗೆಯ ಮೇಲಿನ ಕ್ರಮಸಂಖ್ಯೆಯನ್ನು ಕಂಪನಿಗೆ ಬರೆದು ಕೇಳಬೇಕು.

ಡ್ರೈವರ್ ಇಲ್ಲದೆಯೂ ಆಡಬಹುದು ಎಂಬುದನ್ನು ಯಾರೂ ಹೇಳುವುದಿಲ್ಲ. ಡ್ರೈವರ್‌ನದೇ ಆಕಾರದ, ಸಣ್ಣ ತಲೆಯ ಐದನೇ ನಂಬರ್ ವುಡ್‌ನಿಂದ ಟೀ ಮೇಲೆ ಹೊಡೆದರೆ ದೂರ ಸ್ವಲ್ಪ ಕಡಿಮೆ, ಆದರೆ ಅದು ಗಿಡ್ಡ, ಲಾಫ್ಟ್ 18 ಡಿಗ್ರಿ ಹತ್ತಿರ, ಹಾಗಾಗಿ ಚೆಂಡು ಬಾಗುವುದೂ ಕಡಿಮೆ.

ಪೌಡರ್ ಹಚ್ಚಿ ನೋಡಿದ್ದು

ಪಟ್ಟಿಗೆ ಉತ್ತರ ಬರೆಯುವ ಮೊದಲು ಭಾವನ ತಪ್ಪು ಯಾವ ಬಗೆಯದು ಎಂದು ತಿಳಿಯಬೇಕಿತ್ತು. ಭಾನುವಾರ ತೀರ್ಥಹಳ್ಳಿಗೆ ಹೋದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಮೊಮ್ಮಕ್ಕಳ ಕ್ರಿಕೆಟ್ ನೆಟ್ ಕಟ್ಟಿದ್ದರು. ಮೊದಲ ಚೆಂಡೇ ನೆಟ್ಟಿನ ಕಣ್ಣಿನೊಳಗೆ ತೂರಿ ದನದ ಕೊಟ್ಟಿಗೆಯ ತಗಡಿಗೆ ಬಡಿಯಿತು. ಗಾಲ್ಫ್ ಚೆಂಡಿನ ಅಡ್ಡಳತೆ 43 ಮಿಲಿಮೀಟರ್ ಕೂಡ ಇಲ್ಲ, ಆ ನೆಟ್ಟಿನ ಕಣ್ಣು ಅದಕ್ಕಿಂತ ಅಗಲ. ಅಕ್ಕ ಒಳಗಿನಿಂದ ಕೂಗಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಶೇಡ್ ನೆಟ್ಟನ್ನು ಎರಡು ಪದರ ಮಾಡಿ ಸಡಿಲವಾಗಿ ಇಳಿಬಿಟ್ಟೆವು, ಅದು ಚೆಂಡನ್ನು ನುಂಗಿಕೊಂಡಿತು.

ಡ್ರೈವರ್ ಮುಖಕ್ಕೆ ಮೈಗೆ ಹಾಕುವ ಟಾಲ್ಕಂ ಪೌಡರನ್ನು ತೆಳ್ಳಗೆ ಸವರಿದೆ. ಚೆಂಡು ತಾಗಿದಲ್ಲಿ ಕಪ್ಪು ಗುರುತು ಉಳಿಯುತ್ತದೆ. ಹತ್ತು ಹೊಡೆತ, ಪ್ರತಿ ಸಲ ಫೋಟೊ, ಒರೆಸಿ ಮತ್ತೆ ಪೌಡರ್. ಏಳು ಗುರುತು ಹೀಲ್ ಬದಿಗೆ, ಅದರಲ್ಲಿ ನಾಲ್ಕು ಕೆಳಗೆ. “ನನ್ನ ಕಣ್ಣಿಗೆ ಎಲ್ಲಾ ನಡುವಿಗೇ ಬಿದ್ದಂಗಿತ್ತು” ಎಂದರು ಭಾವ. ಹಿಡಿಯನ್ನು ಒಂದಿಂಚು ಕೆಳಗೆ ಹಿಡಿಸಿ, ಟೀ ಅರ್ಧ ಬೆರಳು ಎತ್ತರಿಸಿ ಇನ್ನು ಹತ್ತು ಹೊಡೆಸಿದೆ. ಹೀಲ್ ಬದಿಗೆ ಬಿದ್ದದ್ದು ಮೂರು.

ಅಂದ ಮೇಲೆ ಪಟ್ಟಿಯಲ್ಲಿ ಹೊಡೆದುಹಾಕುವುದು ಸುಲಭವಾಯಿತು. 9 ಡಿಗ್ರಿಯ ಎರಡು ಹೋದವು. ‘ಲೋ ಸ್ಪಿನ್’ ಹೋಯಿತು, 46 ಇಂಚಿನದೂ ಹೋಯಿತು. ಉಳಿದ ಎರಡರಲ್ಲಿ ಒಂದು ಈ ವರ್ಷದ 10ಕೆ, ಇನ್ನೊಂದು ಹೋದ ಸುತ್ತಿನ ‘ಮ್ಯಾಕ್ಸ್ ಡಿ’. ಭಾವನ ಚೆಂಡು ಬಲಕ್ಕೇ ಓಡುವುದರಿಂದ ಎರಡನೆಯದು. ಮಗನಿಗೆ ಹೀಗೆ ಬರೆದೆವು: ಹೀಲ್ ಬದಿಗೆ ತೂಕ ಇರುವುದು, 12 ಡಿಗ್ರಿ ಇದ್ದರೆ ಅದು, ಇಲ್ಲದಿದ್ದರೆ 10.5, ಆರ್ ಶಾಫ್ಟ್, ಶಾಫ್ಟಿನ ತೂಕ 50 ಗ್ರಾಂ ಸುತ್ತಮುತ್ತ, 45 ಇಂಚಿಗೆ ಮಾಡಿಸಿಕೊಡುವುದಾದರೆ ಮಾಡಿಸಿ ತಾ.

ಅವನು ತಿರುಗಿ ಕೇಳಿದ್ದು ಒಂದೇ, ಇದನ್ನು ತರುವುದು ಹೇಗೆ ಎಂದು. ಗಾಲ್ಫ್ ಕೋಲನ್ನು ವಿಮಾನದಲ್ಲಿ ಕೈಚೀಲದ ಜೊತೆ ಬಿಡುವುದಿಲ್ಲ, ಲಗೇಜಿಗೇ ಹಾಕಬೇಕು. ಜೊತೆಗೆ ಕೊಡುವ ಸಣ್ಣ ಪಾನಾದಿಂದ ಕುತ್ತಿಗೆಯ ಸ್ಕ್ರೂ ಬಿಚ್ಚಿ ತಲೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು, ಶಾಫ್ಟಿಗೆ ಬೇರೆ ಉದ್ದ ಕೊಳವೆ ಬೇಕು. ಪಾನಾ ಮರೆಯಬೇಡ ಎಂದು ಭಾವ ದಿನಾ ಒಂದು ಸಲ ಮೆಸೇಜ್ ಮಾಡುತ್ತಿದ್ದಾರೆ.